ತಿನ್ನೋಕೆ ಒಂದು ಗಿಡ, ಮೊಟ್ಟೆಗೆ ಇನ್ನೊಂದು: ಎಸೆಕ್ಸ್ ಜೌಗಿನ ಅಪರೂಪದ ಪತಂಗ

ಆಗಸ್ಟ್ ಕೊನೆಯ ವಾರ ಇಂಗ್ಲೆಂಡಿನ ಕೆಂಟ್ ಕರಾವಳಿಯ ಟ್ಯಾಂಕರ್ಟನ್‌ಗೆ ಹೋಗಿದ್ದೆ. ವಿಟ್‌ಸ್ಟೇಬಲ್ ಊರಿಗೆ ಅಂಟಿಕೊಂಡಿರುವ ಜಾಗ ಅದು. ಮೇಲೆ ರಸ್ತೆ, ಕೆಳಗೆ ಸಮುದ್ರ, ನಡುವೆ ಉದ್ದಕ್ಕೂ ಹುಲ್ಲಿನ ಇಳಿಜಾರು. ಆ ಹುಲ್ಲಿನ ನಡುವೆ ಸೊಂಟದೆತ್ತರ ಬೆಳೆದು ಹಳದಿ ಹೂ ಬಿಟ್ಟಿದ್ದ ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಗಿಡದ ಬುಡದಲ್ಲಿ ಒಂದು ಚಿಕ್ಕ ಗುಪ್ಪೆ. ಬಡಗಿ ಗರಗಸ ಎಳೆದಾಗ ಉದುರುತ್ತದಲ್ಲ, ಥೇಟ್ ಅಂಥ ಹೊಟ್ಟು. ಸ್ವಲ್ಪ ಒದ್ದೆ, ಸ್ವಲ್ಪ ಹಳದಿ. ಸುತ್ತಮುತ್ತ ಯಾರೂ ಮರ ಕೊಯ್ದಿರಲಿಲ್ಲ. ಮಣ್ಣಿನ ಒಳಗೆ, ಆ ಗಿಡದ ದಪ್ಪ ಬೇರಿನಲ್ಲಿ, ಒಂದು ಹುಳು ಕೂತು ಕೊರೆಯುತ್ತಿತ್ತು. ಅದು ಹೊರಗೆ ತಳ್ಳಿದ ಹಿಕ್ಕೆ ಮತ್ತು ಬೇರಿನ ಪುಡಿ ಅದು.

ನಾನು ಬೆಳೆದದ್ದು ರೇಷ್ಮೆ ಸಾಕುವ ಮನೆಯಲ್ಲಿ. ತಟ್ಟೆಯಲ್ಲಿ ಬಿದ್ದ ಹಿಕ್ಕೆ ನೋಡಿಯೇ ಅಮ್ಮ "ಹುಳು ಚೆನ್ನಾಗಿ ತಿಂತಾ ಇದೆ" ಅಂತಲೋ, "ಜ್ವರಕ್ಕೆ ಕೂತಿದೆ" ಅಂತಲೋ ಹೇಳಿಬಿಡುತ್ತಿದ್ದರು. ಪೊರೆ ಬಿಡುವ ಮುಂಚೆ ಹುಳು ತಿನ್ನದೆ ಸುಮ್ಮನಿರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಹಾಗಾಗಿ ಹಿಕ್ಕೆ ನೋಡಿ ಹುಳುವಿನ ಕಥೆ ತಿಳಿಯುವುದು ನನಗೆ ಹೊಸದೇನಲ್ಲ. ಆದರೆ ಈ ಹುಳುವಿನ ಕಥೆ ತಿಳಿದುಕೊಳ್ಳುತ್ತಾ ಹೋದಂತೆ ಒಂದು ವಿಷಯ ಬಿಡದೆ ಹಿಡಿದುಕೊಂಡಿತು. ಇದಕ್ಕೆ ಬೇಕಾದ ಗಿಡ ಒಂದಲ್ಲ, ಎರಡು. ಆ ಎರಡರಲ್ಲಿ ಒಂದನ್ನು ನಾವು ಕಸ ಅಂತ ಕತ್ತರಿಸಿ ಎಸೆಯುತ್ತೇವೆ.

ಪತಂಗದ ಹೆಸರು ಫಿಶರ್ಸ್ ಎಸ್ಚುವರೈನ್ ಮಾತ್. ಎಸ್ಚುವರಿ ಅಂದರೆ ನದಿ ಸಮುದ್ರ ಸೇರುವ ಅಳಿವೆ. ಕನ್ನಡದಲ್ಲಿ ಇದನ್ನು ಅಳಿವೆ ಪತಂಗ ಅಂತ ಕರೆಯೋಣ. ವೈಜ್ಞಾನಿಕ ಹೆಸರು ಗೋರ್ಟಿನಾ ಬೋರೆಲಿ ಲುನಾಟಾ. ಫಿಶರ್ ಎಂಬ ಪತಂಗಪ್ರಿಯರು 1968ರಲ್ಲಿ ಇಂಗ್ಲೆಂಡಿನ ಪೂರ್ವದ ಎಸೆಕ್ಸ್ ಕರಾವಳಿಯ ವಾಲ್ಟನ್ ಊರಿನ ಹತ್ತಿರ ಇದನ್ನು ಕಂಡುಹಿಡಿದರು. ಅಲ್ಲಿಯವರೆಗೆ ಬ್ರಿಟನ್‌ನಲ್ಲಿ ಇಂಥದ್ದೊಂದು ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಚಿಟ್ಟೆ, ಪತಂಗ ಹುಡುಕುವ ಹುಚ್ಚು ತಲೆತಲಾಂತರದಿಂದ ಇರುವ ದೇಶ ಅದು. ಅಂಥ ಕಡೆ ಸಾಕಷ್ಟು ದೊಡ್ಡ ಪತಂಗವೊಂದು ಅಷ್ಟು ಕಾಲ ಕಣ್ಣಿಗೆ ಬೀಳದೆ ಇತ್ತು ಅಂದರೆ, ಅದು ಎಷ್ಟು ಚಿಕ್ಕ ಜಾಗದಲ್ಲಿ ಬದುಕುತ್ತಿದೆ ಅಂತ ಲೆಕ್ಕ ಹಾಕಿ. ಆಮೇಲೆ ಕೆಂಟ್‌ನ ಉತ್ತರ ಕರಾವಳಿಯಲ್ಲೂ ಸಿಕ್ಕಿತು. ಬ್ರಿಟನ್‌ನಲ್ಲಿ ಇರುವುದು ಈ ಎರಡೇ ಕಡೆ. ಫ್ರಾನ್ಸ್, ಜರ್ಮನಿ, ಹಂಗೇರಿಯಂಥ ದೇಶಗಳಲ್ಲೂ ಈ ಜಾತಿ ಅಲ್ಲೊಂದು ಇಲ್ಲೊಂದು ಕಡೆ ಇದೆ. ಅಲ್ಲೂ ಅಪರೂಪವೇ.

ನೋಡೋಕೆ ಚೆಂದ. ರೆಕ್ಕೆ ಬಿಚ್ಚಿದರೆ ಸುಮಾರು 5 ಸೆಂಟಿಮೀಟರ್. ಒಣಗಿದ ಎಲೆಯ ಕಂದು, ಅದರ ಮೇಲೆ ಕಿತ್ತಳೆ ಛಾಯೆ, ನಡುವೆ ಬಿಳಿ ಮಚ್ಚೆಗಳು. ಶರತ್ಕಾಲದ ಒಣ ಹುಲ್ಲಿನ ಮೇಲೆ ಕೂತರೆ ಹುಲ್ಲಿನದೇ ಒಂದು ತುಂಡು ಅನ್ನಿಸುತ್ತದೆ.

ಇನ್ನು ಮೊದಲ ಗಿಡ. ಇಂಗ್ಲಿಷಿನಲ್ಲಿ ಹಾಗ್ಸ್ ಫೆನೆಲ್, ಅಂದರೆ ಹಂದಿ ಸೋಂಪು. ನಮ್ಮ ಅಡುಗೆಮನೆಗೆ ಈ ಕುಟುಂಬ ಚೆನ್ನಾಗಿ ಗೊತ್ತು. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಬಸಿಗೆ, ಕ್ಯಾರೆಟ್ ಎಲ್ಲ ಇದರ ನೆಂಟರು. ಕೊತ್ತಂಬರಿ ಗಿಡ ಹೂ ಬಿಟ್ಟಾಗ ನೋಡಿದ್ದೀರಲ್ಲ? ಒಂದು ಕಡ್ಡಿಯ ತುದಿಯಿಂದ ಕೊಡೆಯ ಕಡ್ಡಿಗಳ ಹಾಗೆ ಸಣ್ಣ ಸಣ್ಣ ತೊಟ್ಟು, ಪ್ರತಿಯೊಂದರ ತುದಿಯಲ್ಲೂ ಪುಟ್ಟ ಹೂಗೊಂಚಲು. ಹಂದಿ ಸೋಂಪಿನದೂ ಅದೇ ಕೊಡೆ, ಬಣ್ಣ ಮಾತ್ರ ಹಳದಿ. ಎಲೆ ಸಬ್ಬಸಿಗೆಯಷ್ಟು ನವಿರಲ್ಲ. ಉದ್ದುದ್ದ, ಸಪೂರ, ಹುಲ್ಲಿನ ಎಸಳಿನ ಹಾಗೆ. ಇದರ ಬೇರನ್ನು ಗಾಯ ಮಾಡಿದರೆ ಗಂಧಕದ ವಾಸನೆಯ ಅಂಟು ಒಸರುತ್ತದೆ. ಹಾಗಾಗಿ ಇದಕ್ಕೆ ಸಲ್ಫರ್‌ವರ್ಟ್ ಅಂತಲೂ ಹೆಸರಿದೆ. ಬೇರಿನಿಂದ ಘಾಟು ಅಂಟು ಬರುವ ಇನ್ನೊಂದು ಗಿಡ ಇದೇ ಕುಟುಂಬದಲ್ಲಿದೆ, ಅದನ್ನು ನಾವು ದಿನಾ ಒಗ್ಗರಣೆಗೆ ಹಾಕುತ್ತೇವೆ. ಇಂಗು.

ಬ್ರಿಟನ್‌ನಲ್ಲಿ ಹಂದಿ ಸೋಂಪು ತಾನಾಗಿ ಬೆಳೆಯುವುದು ಎಸೆಕ್ಸ್ ಮತ್ತು ಕೆಂಟ್ ಕರಾವಳಿಯ ಚೂರುಪಾರು ಜಾಗದಲ್ಲಿ ಮಾತ್ರ. ಅಳಿವೆ ಪತಂಗದ ಹುಳು ತಿನ್ನುವುದು ಇದೊಂದನ್ನೇ. ಬೇರೆ ಗಿಡ ಕೊಟ್ಟರೆ ಬೇಡ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಹೇಗೋ ಹಾಗೆ. ಇಷ್ಟು ಕೇಳಿದರೆ "ಗಿಡ ಉಳಿಸಿದರೆ ಪತಂಗವೂ ಉಳಿಯಿತು" ಅನ್ನಿಸುತ್ತದೆ ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಅದು ಯಾಕೆ ಸಾಲದು ಅಂತ ತಿಳಿಯಬೇಕಾದರೆ ಪತಂಗದ ಒಂದು ವರ್ಷವನ್ನು ಮೊದಲಿಂದ ನೋಡಬೇಕು.

ಸೆಪ್ಟೆಂಬರ್ ನಡುವಿನಿಂದ ಶುರು ಮಾಡೋಣ. ನಮ್ಮಲ್ಲಿ ಗೌರಿ ಗಣೇಶ ಮುಗಿದು ದಸರಾ ಎದುರು ನೋಡುವ ಹೊತ್ತು. ಆಗ ಪತಂಗಗಳು ಹೊರಬರುತ್ತವೆ. ಅಕ್ಟೋಬರ್ ಉದ್ದಕ್ಕೂ ರಾತ್ರಿ ಹೊತ್ತು ಹಾರುತ್ತವೆ. ಇವುಗಳನ್ನು ಎಣಿಸುವವರು ಕತ್ತಲಲ್ಲಿ ಟಾರ್ಚ್ ಹಿಡಿದು ಹುಲ್ಲಿನ ದಂಟುಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ. ಗಂಡು ಹೆಣ್ಣು ಕೂಡಿದ ಮೇಲೆ ಹೆಣ್ಣು ಮೊಟ್ಟೆ ಇಡಬೇಕು. ಎಲ್ಲಿ?

ಹಂದಿ ಸೋಂಪಿನ ಮೇಲೆ ಅಲ್ಲ. ಪಕ್ಕದಲ್ಲಿ ನಿಂತ ಒರಟು ಹುಲ್ಲಿನ ಮೇಲೆ.

ಇಲ್ಲಿ ಸ್ವಲ್ಪ ನಿಧಾನಕ್ಕೆ ನೋಡೋಣ, ಇಡೀ ಕಥೆ ನಿಂತಿರುವುದು ಇದರ ಮೇಲೆ. ರಾಗಿಯ ದಂಟನ್ನೋ ಜೋಳದ ದಂಟನ್ನೋ ಕೈಯಲ್ಲಿ ಹಿಡಿದು ನೆನಪಿಸಿಕೊಳ್ಳಿ. ಎಲೆ ನೇರ ದಂಟಿನಿಂದ ಹೊರಟಿರುವುದಿಲ್ಲ. ಅದರ ಬುಡ ದಂಟನ್ನು ಸುತ್ತಿ, ಕತ್ತಿಯ ಒರೆಯ ಹಾಗೆ ಬಿಗಿಯಾಗಿ ಕೂತಿರುತ್ತದೆ. ಉಗುರು ಹಾಕಿ ಎಬ್ಬಿಸಿದರೆ ಆ ಒರೆಗೂ ದಂಟಿಗೂ ನಡುವೆ ಒಂದು ಸಂದು ಕಾಣುತ್ತದೆ. ಹೆಣ್ಣು ಪತಂಗ ಹೊಟ್ಟೆಯ ತುದಿಯನ್ನು ಆ ಸಂದಿಗೆ ತೂರಿಸಿ ಮೊಟ್ಟೆಗಳನ್ನು ಒಟ್ಟೊಟ್ಟಾಗಿ ಒಳಗೆ ಇಡುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮಳೆ ತಾಗುವುದಿಲ್ಲ, ಇರುವೆ ಜೇಡಗಳ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ.

ನಮ್ಮ ರೈತರಿಗೆ ಈ ವಿದ್ಯೆ ಗೊತ್ತು. ರಾಗಿ, ಭತ್ತ, ಕಬ್ಬಿಗೆ ಬೀಳುವ ಗುಲಾಬಿ ಕಾಂಡ ಕೊರಕ ಇದೇ ಕುಟುಂಬದ ಪತಂಗ. ಅದು ಮೊಟ್ಟೆ ಇಡುವುದೂ ಎಲೆಯ ಒರೆಯ ಒಳಗೇ. ಆದರೆ ಒಂದು ವ್ಯತ್ಯಾಸ ಇದೆ. ಕಾಂಡ ಕೊರಕದ ಹುಳು ಯಾವ ದಂಟಿನಲ್ಲಿ ಹುಟ್ಟಿತೋ ಅದನ್ನೇ ಕೊರೆದು ತಿನ್ನುತ್ತದೆ. ಮನೆಯೂ ಅದೇ, ಊಟವೂ ಅದೇ. ಅಳಿವೆ ಪತಂಗ ಮೊಟ್ಟೆಯನ್ನು ಒಂದು ಮನೆಯಲ್ಲಿ ಬಿಟ್ಟು, ಊಟವನ್ನು ಇನ್ನೊಂದು ಮನೆಯಲ್ಲಿ ಇಟ್ಟಿದೆ.

ಯಾಕೆ ಹೀಗೆ? ಗಿಡವನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ಅಕ್ಟೋಬರ್ ಬರುವ ಹೊತ್ತಿಗೆ ಹಂದಿ ಸೋಂಪು ಒಣಗಲು ಶುರುವಾಗಿರುತ್ತದೆ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗ ಸತ್ತು, ಬೇರು ಮಾತ್ರ ಮಣ್ಣಲ್ಲಿ ಜೀವ ಹಿಡಿದುಕೊಂಡಿರುತ್ತದೆ. ವಸಂತದಲ್ಲಿ ಮತ್ತೆ ಚಿಗುರು. ಕೊಳೆತು ಬೀಳುವ ಕಡ್ಡಿಯ ಮೇಲೆ ಆರು ತಿಂಗಳು ಮೊಟ್ಟೆಯನ್ನು ನಂಬಿ ಬಿಡುವುದು ಹೇಗೆ? ಒರಟು ಹುಲ್ಲು ಹಾಗಲ್ಲ. ಒಣಗಿದರೂ ದಂಟು ನಿಂತೇ ಇರುತ್ತದೆ. ಗಾಳಿಗೆ ಬಾಗುತ್ತದೆ, ಮುರಿಯುವುದಿಲ್ಲ. ಆ ಒಣ ಒರೆಯ ಒಳಗೆ ಮೊಟ್ಟೆಗಳು ಇಡೀ ಚಳಿಗಾಲ ಕಳೆಯುತ್ತವೆ. ನಮ್ಮ ದಸರಾದಿಂದ ಯುಗಾದಿವರೆಗೆ ಅಂದುಕೊಳ್ಳಿ. ರೇಷ್ಮೆಯಲ್ಲೂ ದ್ವಿತಳಿಯ, ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ತಳಿಯ ಮೊಟ್ಟೆ ಹೀಗೆ ತಣ್ಣಗೆ ಮಲಗಿ ಚಳಿಗಾಲ ದಾಟಬಲ್ಲದು. ರೇಷ್ಮೆಗೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಶೀತಲಗೃಹ ಇರುತ್ತದೆ. ಇದಕ್ಕೆ ಒಂದು ಹುಲ್ಲಿನ ಕಡ್ಡಿ.

ಏಪ್ರಿಲ್, ಮೇ ತಿಂಗಳಲ್ಲಿ ಮೊಟ್ಟೆ ಒಡೆಯುತ್ತದೆ. ಆಗ ಹುಟ್ಟಿದ ಮರಿ ಕೂದಲೆಳೆಯಷ್ಟು. ಸುತ್ತ ಹುಲ್ಲೋ ಹುಲ್ಲು, ತಿನ್ನೋಕೆ ಒಂದೂ ಇಲ್ಲ. ಅದು ಹುಲ್ಲಿನಿಂದ ಇಳಿದು, ಆಗತಾನೇ ಚಿಗುರಿರುವ ಹಂದಿ ಸೋಂಪು ಎಲ್ಲಿದೆ ಅಂತ ಹುಡುಕಿಕೊಂಡು ಹೋಗಬೇಕು. ನಮ್ಮಲ್ಲಿ ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬಾಯಿಗೇ ಕೊಡುತ್ತೇವೆ. ಈ ಮರಿಗೆ ಆ ಭಾಗ್ಯ ಇಲ್ಲ. ಹುಲ್ಲಿಗೂ ಗಿಡಕ್ಕೂ ದೂರ ಜಾಸ್ತಿಯಾದರೆ ದಾರಿಯಲ್ಲೇ ಮುಗಿಯಿತು. ಆದ್ದರಿಂದ ಎರಡೂ ಗಿಡ ಇದ್ದರಷ್ಟೇ ಸಾಲದು, ಒಂದರ ಪಕ್ಕ ಒಂದು ಇರಬೇಕು.

ಗಿಡ ಸಿಕ್ಕ ಮರಿ ಮೊದಲು ಕಾಂಡದೊಳಗೆ ಕೊರೆದು ಹೋಗುತ್ತದೆ. ದೊಡ್ಡದಾದಂತೆ ಕೆಳಗೆ ಇಳಿಯುತ್ತಾ ಬೇರಿಗೆ ಬರುತ್ತದೆ. ಇಡೀ ಬೇಸಿಗೆ ಅಲ್ಲೇ ವಾಸ. ಗಿಡ ಮುಂದಿನ ವರ್ಷಕ್ಕೆ ಅಂತ ಕೂಡಿಟ್ಟ ಆಹಾರವೆಲ್ಲ ಆ ಬೇರಿನಲ್ಲೇ ಇರುವುದು. ಹೀಗಾಗಿಯೇ ಎಳೆ ಗಿಡ ಇದಕ್ಕೆ ಆಗಿಬರುವುದಿಲ್ಲ. ಪೆನ್ಸಿಲ್ ದಪ್ಪದ ಬೇರಲ್ಲಿ ಒಂದು ಹುಳು ಪೂರಾ ಬೆಳೆಯಲಾರದು. ಕೆಲವು ವರ್ಷ ಬೆಳೆದು ಬೇರು ದಪ್ಪ ಕಟ್ಟಿದ ಗಿಡವೇ ಬೇಕು. ಅಂಥ ಗಿಡ ಹುಳು ತಿಂದರೂ ತಡೆದುಕೊಂಡು ಮತ್ತೆ ಚಿಗುರುತ್ತದೆ.

ಜುಲೈ, ಆಗಸ್ಟ್‌ನಲ್ಲಿ ನಾನು ಕಂಡ ಆ ಹೊಟ್ಟಿನ ಗುಪ್ಪೆ ಎದ್ದು ಕಾಣುತ್ತದೆ. ಪತಂಗ ಎಷ್ಟಿದೆ ಅಂತ ಲೆಕ್ಕ ಹಾಕುವವರಿಗೆ ಇದೇ ದೊಡ್ಡ ಆಧಾರ. ಮಣ್ಣು ಅಗೆಯಬೇಕಿಲ್ಲ, ಹುಳು ಮುಟ್ಟಬೇಕಿಲ್ಲ. ಎಷ್ಟು ಗಿಡದ ಬುಡದಲ್ಲಿ ಹೊಟ್ಟು ಇದೆ ಅಂತ ಎಣಿಸಿದರೆ ಆಯಿತು. ನಾನೂ ಆವತ್ತು ನೋಡಿದೆ ಅಷ್ಟೇ, ಕೈ ಹಾಕಲಿಲ್ಲ. ಬ್ರಿಟನ್‌ನ ವನ್ಯಜೀವಿ ಕಾಯ್ದೆಯಡಿ ಈ ಪತಂಗಕ್ಕೆ ಪೂರ್ತಿ ರಕ್ಷಣೆ ಇದೆ. ಅನುಮತಿ ಇಲ್ಲದೆ ಹಿಡಿಯುವುದು, ಕೊಲ್ಲುವುದು ಅಪರಾಧ. ಆಗಸ್ಟ್‌ನಲ್ಲಿ ಪೂರ್ತಿ ಬೆಳೆದು ಹಣ್ಣಾದ ಹುಳು ಮಣ್ಣಲ್ಲಿ ಕೋಶವಾಗುತ್ತದೆ. ಕೆಲವು ವಾರ ಕಳೆದು ಮತ್ತೆ ಸೆಪ್ಟೆಂಬರ್, ಮತ್ತೆ ಪತಂಗ. ವರ್ಷಕ್ಕೆ ಒಂದೇ ಪೀಳಿಗೆ. ಒಂದು ಸಲ ಕೆಟ್ಟರೆ ಆ ವರ್ಷ ಇನ್ನೊಂದು ಬೆಳೆ ಇಲ್ಲ.

ಈಗ ಜಾಗ ನೋಡೋಣ. ಎಸೆಕ್ಸ್‌ನ ಈಶಾನ್ಯ ತುದಿಯಲ್ಲಿ ವಾಲ್ಟನ್ ಊರಿನ ಹಿಂದೆ ಹ್ಯಾಮ್‌ಫರ್ಡ್ ವಾಟರ್ ಅಂತ ಒಂದು ದೊಡ್ಡ ಹಿನ್ನೀರು. ಉಬ್ಬರ ಬಂದರೆ ನೀರು, ಇಳಿತಕ್ಕೆ ಮಿರಮಿರ ಮಿಂಚುವ ಕೆಸರು. ನಡುವೆ ಉಪ್ಪು ಜೌಗು, ಪುಟ್ಟ ಪುಟ್ಟ ನಡುಗಡ್ಡೆಗಳು. ಅದರಲ್ಲಿ ಸ್ಕಿಪ್ಪರ್ಸ್ ಐಲೆಂಡ್ ಎಂಬ ನಡುಗಡ್ಡೆಯೇ ಬ್ರಿಟನ್‌ನಲ್ಲಿ ಅಳಿವೆ ಪತಂಗಕ್ಕೆ ಅತಿ ದೊಡ್ಡ ನೆಲೆ. ನಮ್ಮ ಕುಮಟಾ ಕಡೆಯ ಅಘನಾಶಿನಿ ಅಳಿವೆ ನೋಡಿದವರಿಗೆ ಈ ಚಿತ್ರ ಬೇಗ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಕಟ್ಟು ಹಾಕಿ ಉಪ್ಪುನೀರು ತಡೆದು ಗಜನಿ ಗದ್ದೆ ಮಾಡಿ ಕಗ್ಗ ಭತ್ತ ಬೆಳೆದ ಹಾಗೆ, ಎಸೆಕ್ಸ್‌ನಲ್ಲೂ ಮಣ್ಣಿನ ಉದ್ದ ಏರಿ ಹಾಕಿ ಸಮುದ್ರವನ್ನು ಹೊರಗಿಟ್ಟು ಹಿಂದಿನ ನೆಲದಲ್ಲಿ ಬೇಸಾಯ ಮಾಡುತ್ತಾ ಬಂದಿದ್ದಾರೆ.

ಹಂದಿ ಸೋಂಪು ಕೆಸರಿನಲ್ಲಿ ಬೆಳೆಯುವುದಿಲ್ಲ. ದಿನಾ ಉಪ್ಪುನೀರಲ್ಲಿ ಮುಳುಗುವ ಜಾಗ ಅದಕ್ಕೆ ಆಗದು. ಜೌಗು ಮುಗಿದು ಗಟ್ಟಿ ನೆಲ ಶುರುವಾಗುವ ಅಂಚು ಅದರ ಜಾಗ. ಅಂದರೆ ಏರಿಯ ಮೈ, ಏರಿಯ ಬುಡ, ನಡುಗಡ್ಡೆಯ ಸ್ವಲ್ಪ ಎತ್ತರದ ಹುಲ್ಲುಗಾವಲು. ನಕ್ಷೆಯಲ್ಲಿ ನೋಡಿದರೆ ಸುಮ್ನೆ ಒಂದು ಸಣ್ಣ ಪಟ್ಟಿ. ಪತಂಗದ ಇಡೀ ಲೋಕ ಆ ಪಟ್ಟಿಯಲ್ಲಿದೆ.

ಮೊದಲ ತೊಡಕು ಹುಲ್ಲು ಕತ್ತರಿಸುವುದರದು. ಏರಿಯ ಮೇಲಿನ ಹುಲ್ಲು ಕತ್ತರಿಸದೆ ಬಿಡುವ ಹಾಗಿಲ್ಲ. ಕೆರೆ ಏರಿ ನೋಡಿಕೊಳ್ಳುವವರಿಗೆ ಗೊತ್ತು, ಪೊದೆ ಬೆಳೆದರೆ ಬೇರು ಮಣ್ಣು ಬಿಡಿಸುತ್ತದೆ, ಬಿಲ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಆದರೆ ಯಾವಾಗ ಕತ್ತರಿಸುವುದು? ಬೇಸಿಗೆಯಲ್ಲಿ ಕತ್ತರಿಸಿದರೆ ಹುಳು ಕೂತ ಗಿಡಕ್ಕೆ ಪೆಟ್ಟು, ಜೊತೆಗೆ ಸೆಪ್ಟೆಂಬರ್‌ನಲ್ಲಿ ಮೊಟ್ಟೆ ಇಡೋಕೆ ಉದ್ದ ದಂಟೇ ಇರುವುದಿಲ್ಲ. ಅಕ್ಟೋಬರ್ ಆದ ಮೇಲೆ ಕತ್ತರಿಸಿ ಹುಲ್ಲು ಎತ್ತಿ ಹಾಕಿದರೆ ಒರೆಯೊಳಗಿನ ಮೊಟ್ಟೆಗಳೂ ಅದರ ಜೊತೆಗೇ ಹೋಗುತ್ತವೆ. ಕತ್ತರಿಸುವವರಿಗೆ ಗೊತ್ತೂ ಆಗುವುದಿಲ್ಲ. ಹಂದಿ ಸೋಂಪು ಮುಂದಿನ ವರ್ಷ ಮತ್ತೆ ಚಿಗುರಿ, ಹಳದಿ ಹೂ ಬಿಟ್ಟು ನಿಂತಿರುತ್ತದೆ. ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಬುಡದಲ್ಲಿ ಮಾತ್ರ ಹೊಟ್ಟು ಇರುವುದಿಲ್ಲ.

ಹಾಗಂತ ಕತ್ತರಿಸುವುದನ್ನೇ ಬಿಟ್ಟರೆ? ಕೆಲವೇ ವರ್ಷದಲ್ಲಿ ಮುಳ್ಳುಪೊದೆ ಹಬ್ಬಿ ನೆರಳು ಕವಿದು ಹಂದಿ ಸೋಂಪೇ ಸಾಯುತ್ತದೆ. ಆದ್ದರಿಂದ ಪಾಳಿ ಹಾಕುತ್ತಾರೆ. ಈ ವರ್ಷ ಈ ತುಂಡು ಕತ್ತರಿಸಿದರೆ ಪಕ್ಕದ ತುಂಡು ಮುಟ್ಟುವುದಿಲ್ಲ. ಹೇಗೇ ಇರಲಿ, ಚಳಿಗಾಲ ಕಳೆಯುವಷ್ಟು ಉದ್ದ ಹುಲ್ಲು ಗಿಡದ ಪಕ್ಕದಲ್ಲಿ ಎಲ್ಲಾದರೂ ನಿಂತಿರಬೇಕು. ಟ್ಯಾಂಕರ್ಟನ್‌ನಲ್ಲಿ ನಾನು ಕಂಡದ್ದೂ ಹಾಗೇ ಉದ್ದಕ್ಕೆ ಬಿಟ್ಟ ಹುಲ್ಲು. ವಾಕಿಂಗ್ ಬಂದವರೊಬ್ಬರು "ಇದನ್ನು ಯಾಕೆ ಕತ್ತರಿಸಿ ಚೊಕ್ಕ ಮಾಡಲ್ಲ" ಅಂತ ಜೊತೆಯವರಲ್ಲಿ ಬೇಸರ ಪಟ್ಟುಕೊಂಡು ಹೋದರು. ಅವರನ್ನು ತಪ್ಪು ಅನ್ನಲಾರೆ. ಒಣ ಹುಲ್ಲು ನೋಡಿದರೆ ನಮಗೆಲ್ಲ ಹಾಗೇ ಅನ್ನಿಸುವುದು. ಆದರೆ ಅಪರೂಪದ ಹೂ ಉಳಿಸಿ ಅಂದರೆ ಜನ ಒಪ್ಪುತ್ತಾರೆ, ಒಣ ಹುಲ್ಲು ಉಳಿಸಿ ಅಂತ ಒಪ್ಪಿಸುವುದು ಕಷ್ಟ. ಈ ಪತಂಗದ ಕೆಲಸದಲ್ಲಿ ಅದೇ ಹೆಚ್ಚು ಕಷ್ಟದ ಪಾಲು ಅಂತ ನನಗೆ ಅನ್ನಿಸುತ್ತದೆ.

ಎರಡನೇ ತೊಡಕು ಸಮುದ್ರವೇ. 1901ರಿಂದ 2018ರ ನಡುವೆ ಪ್ರಪಂಚದ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಇನ್ನೊಂದು ಕಷ್ಟ, ಅಲ್ಲಿ ನೆಲವೂ ನಿಧಾನಕ್ಕೆ ಕುಸಿಯುತ್ತಿದೆ. ಹಿಮಯುಗದಲ್ಲಿ ಸ್ಕಾಟ್ಲೆಂಡ್ ಮೇಲೆ ಕೂತಿದ್ದ ಮಂಜುಗಡ್ಡೆ ಕರಗಿದ ಮೇಲೆ ಆ ಕಡೆ ಏಳುತ್ತಿದೆ, ಈ ಕಡೆ ತಗ್ಗುತ್ತಿದೆ. ತಕ್ಕಡಿಯ ಹಾಗೆ.

ಏರಿ ಇಲ್ಲದಿದ್ದರೆ ಇದು ಇಷ್ಟು ದೊಡ್ಡ ಸಮಸ್ಯೆ ಆಗುತ್ತಿರಲಿಲ್ಲ. ನೀರು ಮೇಲೆ ಬಂದಂತೆ ಜೌಗು ಹಿಂದೆ ಸರಿಯುತ್ತದೆ, ಅದರ ಹಿಂದಿನ ಹುಲ್ಲು, ಗಿಡ ಇನ್ನೂ ಒಳಕ್ಕೆ ಹಬ್ಬುತ್ತವೆ. ಆದರೆ ಹಿಂದೆ ಏರಿ ಇದೆ, ಅದರ ಆಚೆ ಹೊಲ, ಊರು. ಮುಂದಿನಿಂದ ನೀರು, ಹಿಂದಿನಿಂದ ಏರಿ. ನಡುವಿನ ಪಟ್ಟಿ ವರ್ಷ ವರ್ಷ ಸಣ್ಣದಾಗುತ್ತದೆ. ಏರಿ ಒಡೆಯಿರಿ ಅನ್ನುವುದು ಸುಲಭದ ಮಾತಲ್ಲ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಈ ಕರಾವಳಿಗೆ ನುಗ್ಗಿದಾಗ ಇಂಗ್ಲೆಂಡಿನಲ್ಲೇ 307 ಜನ ಸತ್ತರು. ಹ್ಯಾಮ್‌ಫರ್ಡ್ ವಾಟರ್‌ಗೆ ಹತ್ತಿರದ ಜೇವಿಕ್, ಹಾರ್ವಿಚ್ ಊರುಗಳಲ್ಲೂ ಸಾವು ಆಯಿತು. ಆ ನೆನಪು ಇರುವ ಜನ ಏರಿಯನ್ನು ನಂಬಿಯೇ ಮಲಗುವುದು. 2013ರ ಡಿಸೆಂಬರ್ 5ರಂದು ಇದೇ ಪೂರ್ವ ಕರಾವಳಿಯಲ್ಲಿ ಸಮುದ್ರ ಮತ್ತೆ ಜೋರಾಗಿ ಉಕ್ಕಿತು. ತಿಂಗಳು ಗಮನಿಸಿ. ಜನವರಿ, ಡಿಸೆಂಬರ್. ಮೊಟ್ಟೆಗಳು ಹುಲ್ಲಿನ ಒರೆಯಲ್ಲಿ ಮಲಗಿರುವ ಕಾಲವೇ ಸಮುದ್ರ ಉಕ್ಕುವ ಕಾಲ.

ಹಾಗಾದರೆ ಉಳಿದ ದಾರಿ? ಪತಂಗ ತಾನಾಗಿ ಹೋಗಲಾರದ ಕಡೆ, ಮೊದಲೇ ಮನೆ ಕಟ್ಟಿಡುವುದು. ದೂರ ಹಾರಿಹೋಗಿ ಹೊಸ ಜಾಗ ಹುಡುಕಿಕೊಳ್ಳುವ ಪತಂಗ ಇದಲ್ಲ. ಆದ್ದರಿಂದ ಎಸೆಕ್ಸ್‌ನಲ್ಲಿ ಸಮುದ್ರದ ನೀರು ತಲುಪದ ಒಳನಾಡಿನ ಜಾಗಗಳಲ್ಲಿ ಹಂದಿ ಸೋಂಪು ನೆಡುತ್ತಾ ಬಂದಿದ್ದಾರೆ. ಸರ್ಕಾರಿ ಸಂಸ್ಥೆಗಳು, ಜಮೀನು ಇರುವವರು, ಸ್ವಯಂಸೇವಕರು ಎಲ್ಲ ಸೇರಿದ್ದಾರೆ. 2000ರ ದಶಕದ ಕೊನೆಯಿಂದ ಕೋಲ್ಚೆಸ್ಟರ್ ಮೃಗಾಲಯ ಈ ಪತಂಗವನ್ನು ಸಾಕಿ, ಮರಿ ಮಾಡಿಸಿ, ಹೊಸ ಜಾಗಗಳಿಗೆ ಬಿಡುತ್ತಿದೆ.

ಆನೆ, ಜಿರಾಫೆ ಇರುವ ಮೃಗಾಲಯದಲ್ಲಿ ಪತಂಗದ ಮೊಟ್ಟೆ ಕಾಯುವ ಕೆಲಸವೂ ನಡೆಯುತ್ತದೆ ಅಂತ ಕೇಳಿದಾಗ ನನಗೆ ನಮ್ಮ ಮನೆಯ ಹುಳುಮನೆ ನೆನಪಾಯಿತು. ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ಬೇರಿನೊಳಗೆ ಕೂತಿರುವ ಹುಳುವಿಗೆ ಜ್ವರ ಬಂದದ್ದು ಮೃಗಾಲಯದವರಿಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದರು. ನಮ್ಮ ಹುಳು ನಾಲ್ಕು ಜ್ವರ ಏಳುವುದನ್ನು ಕಣ್ಣಾರೆ ನೋಡುತ್ತಾ ಸೊಪ್ಪು ಕೊಟ್ಟವರು ಅವರು. ಕಣ್ಣಿಗೆ ಕಾಣದ ಹುಳುವನ್ನು ಸಾಕುವುದು ಅವರಿಗೆ ನಂಬಲಾಗದ ಸಂಗತಿ.

ಹೊಸ ಜಾಗದಲ್ಲೂ ಲೆಕ್ಕ ಅದೇ. ಮೊದಲು ಗಿಡ ನೆಡಬೇಕು. ಬೇರು ದಪ್ಪ ಕಟ್ಟಲು ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಒರಟು ಹುಲ್ಲು ಬೆಳೆದಿರಬೇಕು. ಅದನ್ನು ಯಾರೂ ತಪ್ಪು ತಿಂಗಳಲ್ಲಿ ಕತ್ತರಿಸಬಾರದು. ಇಷ್ಟೆಲ್ಲ ಕೂಡಿಬಂದ ಮೇಲೆ ಪತಂಗ ಬಿಟ್ಟು, ಮುಂದಿನ ಜುಲೈ, ಆಗಸ್ಟ್‌ನಲ್ಲಿ ಗಿಡದಿಂದ ಗಿಡಕ್ಕೆ ಹೋಗಿ, ಬಗ್ಗಿ, ಎಲೆ ಸರಿಸಿ, ಬುಡದಲ್ಲಿ ಒಂದು ಚಿಟಿಕೆ ಹೊಟ್ಟು ಬಿದ್ದಿದೆಯಾ ಅಂತ ನೋಡುವುದು.